ಓಡಿಹೋಗದ ಬೆಕ್ಕು

ಬಂಗಾರೀ, ಬಾ, ಬಾ ನನ್ನವ್ವಾ — ಯಾರೋ ಕೂಸನ್ನು ಕರೆಯುತ್ತಿದ್ದಾರೆ ಅಂದುಕೊಂಡೆ, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಯ ಕಣ್ಣು ಹುಡುಕುತ್ತಿದ್ದೆ, ಮಧ್ಯಾಹ್ನ ಬೆಟಗೇರಿಯ ಈ ಓಣಿಯಲ್ಲಿ ಹಿಂದಿನ ಮನೆಯ ಮಗ್ಗ ಬಿಟ್ಟರೆ ಇನ್ನಾವ ಸದ್ದೂ ಇರುವುದಿಲ್ಲ, ಆದರೆ ಮಷಿನ್ನಿನ ಕೆಳಗೆ ಮಲಗಿದ್ದ ಬೆಕ್ಕು ಎದ್ದು ಬಾಗಿಲ ಕಡೆ ಮುಖ ಮಾಡಿತು, ಆಗ ತಿಳಿಯಿತು, ಕೂಸಲ್ಲ, ಇದನ್ನೇ ಕರೆಯುತ್ತಿರುವುದು, ಶಿರಹಟ್ಟಿಯ ಕರಿಯವ್ವ, ಆ ಮುದುಕಿ ಇಲ್ಲಿಯವರೆಗೆ ಬಂದಿದ್ದಾಳೆ — ಬೆಕ್ಕನ್ನು ಬಾಚಿ ಎತ್ತಿಕೊಂಡು ಬಚ್ಚಲಿಗೆ ಒಯ್ದು ಚಿಲಕ ಹಾಕಿದೆ, ನಾನು ಹಾಕಿದೆ ಅನ್ನುವುದಕ್ಕಿಂತ ಕೈ ಹಾಕಿತು, ಈ ಕೈಗೆ ಇಂಥದ್ದು ಹೊಸದಲ್ಲ, ಈ ವರ್ಷವೇ ಇನ್ನೊಂದು ಬೆಕ್ಕನ್ನು ಅಕ್ಕಿಯ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ ಕೈ ಇದು. ಚಾಂದ್ ಅದರ ಹೆಸರು, ನನ್ನ ಮಗಳು ಕೈನಾತಳ ಚಾಂದ್, ಬಿಳಿ ಮೈ, ಬಾಲ ಮಾತ್ರ ಕಪ್ಪು, ಮೂರನೇ ಇಯತ್ತೆಯ ಹುಡುಗಿ ಊಟಕ್ಕೆ ಕುಳಿತರೆ ಮೊದಲ ತುತ್ತು ಅದಕ್ಕೇ, ಆದರೆ ಅದು ಒಂದು ದಿನ ನಾನು ಹೊಲಿದು ಮಡಚಿಟ್ಟಿದ್ದ ಮದುಮಗಳ ರೇಷ್ಮೆ ರವಿಕೆಯನ್ನು ಉಗುರಿನಿಂದ ಹರಿದು ಹಾಕಿತು, ಮದುಮಗಳ ತಾಯಿ ಓಣಿಗೆಲ್ಲ ಕೇಳುವಂತೆ, ಬೆಕ್ಕ ಸಾಕೂದಿದ್ರ ಹೊಲಿಯೂದು ಬಿಡು ಮುಮ್ತಾಜ್, ಎಂದು ಕೂಗಿ ಹೋದಳು, ಗಂಡ ಶಫೀಕ್ ಲಾರಿಯ ಮೇಲೆ ಊರೂರು ತಿರುಗುವವರು, ಮನೆಯಲ್ಲಿ ಕೇಳುವವರಿಲ್ಲ, ಮಗಳು ಶಾಲೆಗೆ ಹೋದ ಮೇಲೆ ಚೀಲ ಹಿಡಿದು ಟಂಟಂ ರಿಕ್ಷಾ ಹತ್ತಿದೆ, ಅದು ಒಳಗೆ ಕೂಗಿದಾಗಲೆಲ್ಲ ನಾನು ಕೆಮ್ಮಿದೆ, ಬಿಂಕದಕಟ್ಟಿಯ ಹತ್ತಿರ ಇಳಿದು ಬೇಲಿಯ ಪಕ್ಕ ಚೀಲ ಬಿಚ್ಚಿದೆ, ಇಲ್ಲಿ ಪ್ರಾಣಿಗಳನ್ನು ಸಾಕುವ ಜಾಗ ಇದೆ, ಯಾರಾದರೂ ಇದಕ್ಕೂ ಹಾಲು ಹಾಕುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ, ಹೇಳಿಕೊಂಡು ತಿರುಗಿ ನೋಡದೆ ಬಂದೆ, ಸಂಜೆ ಮಗಳಿಗೆ ಅಂದೆ, ಓಡಿ ಹೋತು ಬೇಟಾ. ಅವಳು ಮೂರು ಸಂಜೆ ತಟ್ಟೆ ಬಡಿಯುತ್ತ ಓಣಿ ಸುತ್ತಿದಳು, ನಾನೂ ಜೊತೆಗೆ ಹೋದೆ, ಹೌದು, ನಾನೂ ಹೋದೆ, ಚಾಂದ್ ಚಾಂದ್ ಎಂದು ನಾನೂ ಕರೆದೆ, ನಾಲ್ಕನೆಯ ದಿನದಿಂದ ಅವಳು ಊಟ ಅರ್ಧಕ್ಕೇ ಬಿಟ್ಟು ಏಳತೊಡಗಿದಳು.

ಆಗ ಫೋನಿನಲ್ಲಿ ಆ ಚಿತ್ರ ಕಂಡಿತು, ಬೀದಿಯ ನಾಯಿ ಬೆಕ್ಕು ಉಳಿಸುವ ಒಂದು ಬಳಗದವರು ಹಾಕಿದ್ದು, ಬಿಳಿ ಬೆಕ್ಕು, ಕಪ್ಪು ಬಾಲ, ಚಾಂದ್‌ನದೇ ಪಡಿಯಚ್ಚು, ಮನೆ ಬೇಕಾಗಿದೆ ಎಂದು ಕೆಳಗೆ, ಮೇಘಾ ಎಂಬ ಕಾಲೇಜು ಹುಡುಗಿಯ ನಂಬರು, ಆಂಟಿ, ಫಾರ್ಮ್ ತುಂಬ್ರಿ ಅಂದಳು, ಅದರಲ್ಲೊಂದು ಪ್ರಶ್ನೆ, ನಿಮ್ಮ ಮನೆಯಲ್ಲಿ ಮೊದಲು ಬೆಕ್ಕು ಇತ್ತೇ, ಇದ್ದರೆ ಅದಕ್ಕೇನಾಯಿತು, ಆ ಗೆರೆಯ ಮೇಲೆ ಪೆನ್ನು ತುಸು ಹೊತ್ತು ನಿಂತಿತು, ಆಮೇಲೆ ಬರೆದೆ, ಓಡಿ ಹೋಯಿತು, ಎಂಟು ದಿನಕ್ಕೆ ಫಾರ್ಮ್ ಕಳೆದಿದೆ, ಇನ್ನೊಮ್ಮೆ ತುಂಬ್ರಿ ಅಂದರು, ತುಂಬಿದೆ, ಎರಡನೆಯ ಸಲ ಪೆನ್ನು ನಿಲ್ಲಲಿಲ್ಲ. ಮುಳಗುಂದ ನಾಕಾಕ್ಕೆ ಬರ್ರಿ ಅಂದಳು, ಬುಟ್ಟಿ ಹಿಡಿದು ಎರಡು ತಾಸು ನಿಂತೆ, ಫೋನ್ ಹಚ್ಚಿದರೆ, ಅಯ್ಯ ಆಂಟಿ, ನಾ ಬುಧವಾರ ಅಂದಿದ್ನೆಲ್ಲಾ, ಇವತ್ತ ಮಂಗಳವಾರ ಐತಿ, ಲಕ್ಷ್ಮೇಶ್ವರಕ್ಕೆ ಹೋದರೆ ಅಲ್ಲಿಯವರು ನಾಯಿಮರಿ ತಂದು ಕೈಗಿಟ್ಟರು, ನೀವ ಅಲ್ರ್ಯಾ ಮೆಹತಾಬ್ ಅಂದ್ರ, ಮರಿ ಬೇಕಂದಿದ್ರೆಲ್ಲಾ, ಅಲ್ರೀ, ನಾ ಮುಮ್ತಾಜ್ ಅಂದೆ, ಆಮೇಲೆ ಬೆಕ್ಕು ಮುಂಡರಗಿಯೊಳಗ ಐತಿ ಅಂದರು, ಇಲ್ಲಿಲ್ಲ, ಶಿರಹಟ್ಟಿಯೊಳಗ ಅಂದರು, ಫೋನ್ ಒಬ್ಬರು ಎತ್ತಿದರೆ ಇನ್ನೊಬ್ಬರನ್ನು ಕೇಳ್ರಿ ಅನ್ನುತ್ತಿದ್ದರು, ಹೀಗೇ ತಿಂಗಳ ಮೇಲಾಯಿತು, ಪ್ರತಿ ಸಲ ನಾನು ಬರುವ ಹೊತ್ತಿಗೆ ಕೈನಾತ ಬಾಗಿಲಲ್ಲಿ, ಬುಟ್ಟಿಯ ಮುಚ್ಚಳ ಎತ್ತಿ ನೋಡುತ್ತಾಳೆ, ಒಳಗೆ ಹೋಗುತ್ತಾಳೆ, ನನ್ನೊಳಗೆ ಸಿಟ್ಟು ಕುದಿಯುತ್ತಿತ್ತು, ಬಳಗದ ಮೇಲಿನ ಸಿಟ್ಟು ಎಂದು ತಿಳಿದಿದ್ದೆ, ಅದು ಹೋಗಿ ಬಿದ್ದದ್ದು ಮಾತ್ರ ಶಿರಹಟ್ಟಿಯ ಒಂದು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ ಮುದುಕಿಯ ತಲೆಯ ಮೇಲೆ, ಕರಿಯವ್ವ, ಅವಳ ಮಡಿಲಲ್ಲಿ ಆ ಬೆಕ್ಕು, ಇದನ್ನ ನನಗ ಕೊಟ್ಟು ಐದು ತಿಂಗಳಾತಲ್ಲ ತಂಗಿ, ಆ ಹುಡುಗಿ ನೀನ ಇಟ್ಕೋ ಅಂದಾಳ, ಹೆಬ್ಬೆಟ್ಟೂ ಒತ್ತಿಸ್ಕೊಂಡಾಳ ಅಂದಳು, ನಾನು ಅಲ್ಲೇ ಮೇಘಾಳಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟೆ, ಮೇಘಾ ಏನನ್ನೂ ತೆಗೆದು ನೋಡದೆ, ಅಜ್ಜಿ, ಅದನ್ನ ನಾಕ ದಿನದ ಸಲುವಾಗಿ ಅಷ್ಟ ಕೊಟ್ಟಿದ್ದು, ಆಂಟಿಗೆ ಕೊಟ್ಟುಬಿಡ್ರಿ ಅಂದುಬಿಟ್ಟಳು, ಅಲ್ಲಿಗೇ ನಾನು ಸುಮ್ಮನಿರಬಹುದಿತ್ತು, ಇರಲಿಲ್ಲ, ನನ್ನ ಹತ್ರ ಕಾಗದ ಐತಿ ಯಮ್ಮಾ, ನಿನ್ನ ಹತ್ರ ಏನೈತಿ, ಮಂದಿ ಬೆಕ್ಕ ಇಟ್ಕೊಂಡು ಕುಂಡ್ರಾಕ ನಾಚಿಕಿ ಇಲ್ಲೇನು ಅಂದೆ, ನಾನು ಅಂದೆ, ಈ ಬಾಯಿ ಅಂದಿತು, ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು, ಅವಳು ಅವರನ್ನೊಮ್ಮೆ ನೋಡಿದಳು, ಮೇಲೆದ್ದಳು, ತನ್ನ ಹಳೆಯ ಸೀರೆಯ ತುಂಡನ್ನು ಬುಟ್ಟಿಯಲ್ಲಿ ಹಾಸಿ ಬೆಕ್ಕನ್ನು ತಾನೇ ಇಟ್ಟಳು, ಬಿಸಿ ಹಾಲು ಕುಡಿಯಂಗಿಲ್ಲವಾ, ಆರಿಸಿ ರೊಟ್ಟಿ ಮುರದು ಹಾಕು, ಅಷ್ಟೇ ಹೇಳಿ ಮತ್ತೆ ಕುಳಿತು ಶೇಂಗಾ ಸುಲಿಯತೊಡಗಿದಳು, ಸುಲಿದ ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿದ್ದಳು.

ಇದು ಚಾಂದ್ ಅಲ್ಲ ಎಂದು ಕೈನಾತಳಿಗೆ ಮೊದಲ ದಿನವೇ ಗೊತ್ತಾಯಿತು, ಬಾಲ ಹಿಡಿದು ನೋಡಿ, ಚಾಂದಂದು ಇಷ್ಟ ಉದ್ದ ಇರಲಿಲ್ಲ ಅಮ್ಮಿ ಅಂದಳು, ಆದರೂ ಆ ರಾತ್ರಿ ಹೊಟ್ಟೆತುಂಬ ಉಂಡಳು, ಎರಡು ರೊಟ್ಟಿ ಉಂಡಳು, ನನಗೆ ಅಷ್ಟೇ ಬೇಕಿತ್ತು, ಎಂಟು ದಿನ ಸುಖವಾಗಿದ್ದೆವು, ಒಂಬತ್ತನೆಯ ದಿನ ಮೇಘಾಳ ಫೋನು, ಅಳುತ್ತಿದ್ದಳು, ಆಂಟಿ, ತಪ್ಪಾಗೇತ್ರಿ, ಬೆಕ್ಕ ಕೊಟ್ಟಿದ್ದು ಬರಿಯೂ ವಹಿ ಸಿಕ್ಕಿತು, ಅದು ಖರೇನ ಕರಿಯವ್ವಜ್ಜಿ ಬೆಕ್ಕು, ಹೆಬ್ಬೆಟ್ಟು ಐತಿ, ಫೋಟೋದಾಗಿನ ನಿಮ್ಮ ಬೆಕ್ಕು ಮುಂಡರಗಿಯೊಳಗಿರೂದು, ನಾಳೆ ನಾನ ಬಂದು ಬದಲಿ ಮಾಡಿ ಕೊಡ್ತೀನಿ — ಕೈನಾತ ಆಗ ಇದನ್ನು ಭುಜದ ಮೇಲೆ ಹಾಕಿಕೊಂಡು ಮಗ್ಗಿ ಹೇಳುತ್ತಿದ್ದಳು, ಏಳೊಂಬತ್ಲೆ ಅರವತ್ಮೂರು, ನಾನು ಫೋನ್ ಹಿಡಿದು ಹಿತ್ತಲಿಗೆ ನಡೆದೆ, ಓಡಿ ಹೋತವ್ವಾ, ನಿನ್ನೇನ ಓಡಿ ಹೋತು ಅಂದೆ, ಮೂರನೆಯ ಸಲ, ಅಲ್ಲ, ನಾಲ್ಕನೆಯ ಸಲ, ಎಷ್ಟು ಸಲೀಸಾಗಿ ಬಂತು, ಮೇಘಾ ಇನ್ನೂ ಜೋರಾಗಿ ಅತ್ತಳು, ಎಲ್ಲಾ ನಂದ ತಪ್ಪು ಆಂಟಿ ಅಂದಳು, ನಾನು ಆಗಲಿ ಬಿಡು, ಅಳಬ್ಯಾಡ ಎಂದು ಸಮಾಧಾನ ಮಾಡಿದೆ, ದೊಡ್ಡವಳಂತೆ ಸಮಾಧಾನ ಮಾಡಿದೆ. ಈಗ ಬಚ್ಚಲ ಚಿಲಕ ಹಾಕಿ ಬರುವಷ್ಟರಲ್ಲಿ ಬಾಗಿಲಲ್ಲಿ ನೆರಳು, ಮುಮ್ತಾಜ್ ಅಂದ್ರ ನೀನ ಅಲ್ಲೇನವಾ, ಬೆಕ್ಕು ತಪ್ಪಿಸ್ಕೊಂತಂತ, ಆ ಹುಡುಗಿ ಹೇಳಿದ್ಲು, ನನ್ನ ದನಿ ಕೇಳಿದ್ರ ಬಂದರ ಬಂದೀತು ಅಂತ ಮುಂಜಾನೆ ಬಸ್ಸಿಗೆ ಬಂದೆ, ಈ ಓಣಿ ಆ ಓಣಿ ಎಲ್ಲಾ ಕರದೆ, ಎಂದು ಕಟ್ಟೆಯ ಮೇಲೆ ಕುಳಿತಳು, ಕುಂಡ್ರಿ ಯಮ್ಮಾ ಎಂದು ನಾನು ಅನ್ನುವ ಮೊದಲೇ ಕುಳಿತಳು, ಒಳಗೆ ಬಚ್ಚಲ ಬಾಗಿಲನ್ನು ಅದು ಪರಚುತ್ತಿದೆ, ಪರ್ ಪರ್, ಒಂದು ಸಲ ಕೂಗಿತೋ, ನನಗೆ ಹಾಗೆ ಕೇಳಿತೋ, ನಾನು ಮಷಿನ್ನಿಗೆ ಕುಳಿತು ಕಾಲು ಹಾಕಿದೆ, ಗಡಗಡ ಓಡಿಸಿದೆ, ಸೂಜಿಯ ಕೆಳಗೆ ಬಟ್ಟೆ ಇಲ್ಲ, ಬರಿಯ ಸೂಜಿ ಏಳುತ್ತದೆ ಬೀಳುತ್ತದೆ, ನಾನು ಏನನ್ನೂ ಹೊಲಿಯುತ್ತಿಲ್ಲ, ಅವಳು, ಹೊಲಿ ಹೊಲಿ, ನಿನ್ನ ಕೆಲಸ ಕೆಡಿಸಂಗಿಲ್ಲ ಅಂದಳು, ನೀರು ಕೇಳಿದಳು, ತಂಬಿಗೆ ತಂದು ಕೊಟ್ಟೆ, ಅರ್ಧ ಕುಡಿದು ನನ್ನ ಮುಖ ನೋಡಿ, ನೀ ಯಾಕ ಅಳ್ತಿ ಯವ್ವಾ, ಎಂಟ ದಿನ ಸಾಕಿದ್ರೂ ಅದೂ ಒಂದು ಜೀವ ಅಲ್ಲೇನು, ನಿನ್ನ ಮಗಳು ಎಷ್ಟ ಅತ್ತಿರಬೇಕು, ನಾಯಿಗೀಯಿ ಹಿಡದಿರಂಗಿಲ್ಲ, ಅದು ಭಾಳ ಶಾಣ್ಯಾ ಐತಿ, ಎಂದು ನನ್ನ ಕೈ ಹಿಡಿದಳು, ಆ ಕೈಯನ್ನೇ ಹಿಡಿದಳು, ಅವತ್ತ ನೀ ಬೈದಿದ್ದು ನಾ ಮನಸಿನಾಗ ಇಟ್ಕೊಂಡಿಲ್ಲ ಅಂದಳು. ಗೋಡೆಯ ಪಕ್ಕ ಬಿದ್ದಿದ್ದ ತೆಂಗಿನ ಚಿಪ್ಪನ್ನು ಸೆರಗಿನಿಂದ ಒರೆಸಿ ನನ್ನ ಹೊಸ್ತಿಲ ಮಗ್ಗುಲಿಗೆ ಇಟ್ಟು ತಂಬಿಗೆಯಲ್ಲಿ ಉಳಿದ ನೀರನ್ನು ಅದರೊಳಗೆ ಸುರಿದಳು, ಬಿಸಲು ಭಾಳ ಐತಿ, ಬಂದ್ರ ಕುಡೀಲಿ, ಬಂದಿದ್ದು ಗೊತ್ತಾದ್ರ ಆ ಹುಡುಗಿಗೆ ಒಂದು ಖಬರ ಕೊಡು, ಎಂದು ಎದ್ದು ನಡೆದಳು, ಓಣಿಯ ತಿರುವಿನವರೆಗೆ ಹೋದಳು, ಮಷಿನ್ನು ನಿಂತಿತ್ತು, ನಾನು ಹೊಸ್ತಿಲಿಗೆ ಬಂದು ಕೂಗಿದೆ, ಯಮ್ಮಾ, ಅವಳು ತಿರುಗಿದಳು, ಏನವಾ ಅಂದಳು, ಬಾಯಿ ತೆರೆದಿತ್ತು, ಮಾತು ಹಲ್ಲಿನ ಹಿಂದೆಯೇ ಇತ್ತು, ಬಿಸಲಾಗ ಹುಷಾರಿ ಹೋಗ್ರಿ, ಅಂದೆ, ಹೂಂ ನನ್ನವ್ವಾ ಅಂದಳು, ಹೋದಳು. ಶಾಲೆ ಬಿಡುವ ಹೊತ್ತಾಯಿತು, ಕೈನಾತ ಬರುತ್ತಾಳೆ, ಇದು ಯಾರಿಗಿಟ್ಟೀ ಅಮ್ಮಿ ಅಂತ ಕೇಳುತ್ತಾಳೆ, ಚೆಲ್ಲಿಬಿಡಬೇಕು, ಬಗ್ಗಿದೆ, ಕೈ ಹೋಗುತ್ತಿಲ್ಲ, ಬಚ್ಚಲಲ್ಲಿ ಪರಚುವುದು ನಿಂತಿದೆ, ಬಚ್ಚಲ ಚಿಲಕ ತೆಗೆಯಬೇಕು, ಬಸ್‌ಸ್ಟ್ಯಾಂಡಿಗೆ ಅವಳು ಇನ್ನೂ ಮುಟ್ಟಿರುವುದಿಲ್ಲ, ಬಗ್ಗಿಯೇ ಇದ್ದೇನೆ — ಚಿಪ್ಪು, ಚಿಪ್ಪಿನಲ್ಲಿ ನೀರು, ಅವಳು ಅರ್ಧ ಕುಡಿದು ಉಳಿಸಿದ ನೀರು.