ನಮ್ಮ ಡ್ರೈವರು ಬಸ್ಸಿನಿಂದ ಇಳಿದ ಭಾನುವಾರ

ನಮ್ಮ ಮನೆಯಲ್ಲಿ ನಾಲ್ಕು ಜನ. ನಾಲ್ವರಲ್ಲಿ ಒಬ್ಬಳು ಮಾತಾಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ಆಡಲು ಅವಳ ಹತ್ತಿರ ನಮ್ಮ ಮಾತು ಇರಲಿಲ್ಲ, ಅಷ್ಟೇ.

ಅವಳು ನಮ್ಮ ಸೊಸೆ. ಮಗ ಎರಡು ವರ್ಷ ಹೊರದೇಶದ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಅಲ್ಲಿಯ ಮಾತು ಕಲಿತ, ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಕರೆತಂದ. ಈಗ ಇಲ್ಲಿಯ ಬಂದರಿನಲ್ಲಿ ಅದೇ ಕೆಲಸ. ಬೆಳಿಗ್ಗೆ ಆರಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಹಗಲೆಲ್ಲ ಮನೆಯಲ್ಲಿ ನಾನು, ನನ್ನ ಹೊಲಿಗೆ ಯಂತ್ರ, ನಮ್ಮ ಯಜಮಾನರು ಮತ್ತು ಕಿಟಕಿಯ ಹತ್ತಿರ ಅವಳು. ಅವಳಿಗೆ ನಮ್ಮ ಮಾತಿನಲ್ಲಿ ನಲವತ್ತು ಶಬ್ದ ಬರುತ್ತಿತ್ತು: ನೀರು, ಉಪ್ಪು, ಬಾಗಿಲು, ಸಾಕು. ನಮಗೆ ಅವಳ ಮಾತಿನಲ್ಲಿ ಬರುತ್ತಿದ್ದದ್ದು ಎರಡೇ. ನಾಚಿಕೆ ಯಾರಿಗಾಗಬೇಕು ಹೇಳಿ.

ಐದು ತಿಂಗಳು ಕಳೆದ ಮೇಲೆ ಅವಳು ಮಗನ ಹತ್ತಿರ ಬಾಯಿಬಿಟ್ಟಳು. ಅತ್ತೆ ಮಾವ ಒಳ್ಳೆಯವರೇ, ಆದರೆ ದಿನವಿಡೀ ತುಟಿ ಹೊಲಿದುಕೊಂಡು ಕೂತರೆ ನಾನು ಯಾರು ಅನ್ನುವುದೇ ಮರೆತುಹೋಗುತ್ತದೆ, ತಿಂಗಳ ಕೊನೆಗೆ ತಾಯಿಯ ಹತ್ತಿರ ಹೋಗಿಬಿಡುತ್ತೇನೆ ಅಂದಳಂತೆ. ಮಾರನೆಯ ದಿನ ಕಪಾಟಿನ ಮೇಲಿದ್ದ ಸೂಟ್‌ಕೇಸು ಕೆಳಗೆ ಬಂತು. ಅದನ್ನು ನೋಡಿ ನನಗೆ ಹೊಳೆದದ್ದು ಒಂದೇ: ಅವಳು ಹೋದರೆ ಇವತ್ತಲ್ಲ ನಾಳೆ ಮಗನೂ ಹಿಂದೆಯೇ ಹೋಗುತ್ತಾನೆ.

ಕೆಳಗಿನ ಮನೆಯಲ್ಲಿ ಅಂಚೆಯಕ್ಕ ಇದ್ದಾಳೆ. ಇಪ್ಪತ್ತಾರು ವರ್ಷ ಕಾಲುವೆಯ ಆಚೆ, ಹಲವು ದೇಶದವರು ನೆಲೆಸಿದ ಬೀದಿಗಳಲ್ಲಿ ಕಾಗದ ಹಂಚಿ ನಿವೃತ್ತಳಾದವಳು. ಈಗ ಭಾನುವಾರ ಬೆಳಿಗ್ಗೆ ಸ್ವಯಂಸೇವಕಿಯಾಗಿ ಅದೇ ಬೀದಿಗಳನ್ನು ಜನರಿಗೆ ತೋರಿಸುತ್ತಾಳೆ. ಕಾಸು ಮುಟ್ಟುವುದಿಲ್ಲ. ಮೆಟ್ಟಿಲ ಮೇಲೆ ಅವಳ ಮುಂದೆ ನಾನು ಅತ್ತುಬಿಟ್ಟೆ. ಅವಳು ಸಮಾಧಾನವನ್ನೇನೂ ಹೇಳಲಿಲ್ಲ. ಸೊಸೆ ಯಾವ ದೇಶದವಳು ಅಂತ ಕೇಳಿದಳು, ಆ ದೇಶದ ಅಂಚೆಚೀಟಿ ಅಂಟಿಸಿದ ಕಾಗದಗಳನ್ನು ತಾನೇ ಹಂಚಿದ್ದೇನೆ ಅಂದಳು. ಭಾನುವಾರ ಎಲ್ಲರೂ ಹೊರಡಿ ಅಂದಳು.

ನಮ್ಮ ಯಜಮಾನರು ಮೂಗು ಮುರಿದರು. ಅವರು ಇಪ್ಪತ್ತೊಂಬತ್ತು ವರ್ಷ ಹದಿನಾಲ್ಕನೇ ನಂಬರ್ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರು. ದಿನಕ್ಕೆ ಆರು ಸಲ ಕಾಲುವೆಯ ಸೇತುವೆ ದಾಟಿದವರು. ಊರಿನ ಪ್ರತಿ ಗುಂಡಿಯೂ ತಮಗೆ ಪರಿಚಯ ಅನ್ನುವ ಜಂಬ.

"ನನ್ನೂರನ್ನ ನಂಗೇ ತೋರಿಸ್ತೀಯೇನಮ್ಮ?" ಅಂತ ಅಂಚೆಯಕ್ಕನನ್ನು ಕೇಳಿದರು.

"ಸೇತುವೆ ಆಚೆ ಸ್ಟಾಪಲ್ಲಿ ಇಳಿದು ಎಡಗಡೆ ತಿರುಗಿದ್ರೆ ಏನಿದೆ ಹೇಳಿ ಅಣ್ಣ."

"ಬೇಕರಿ."

"ಅದು ಸ್ಟಾಪಿನ ಎದುರಿಗೇ ಇದೆ, ಸೀಟಲ್ಲಿ ಕೂತ್ರೂ ಕಾಣುತ್ತೆ. ತಿರುಗಿದ ಮೇಲೆ?"

ಯಜಮಾನರು ಮೀಸೆ ನೀವಿಕೊಂಡರು. ಸೀಟು ಬಿಟ್ಟು ಇಳಿಯುವುದು ಡ್ರೈವರಿಗೆ ತಪ್ಪು. ಆ ನಿಯಮ ಪಾಲಿಸಿ ಪಾಲಿಸಿ ಅವರು ಊರನ್ನೆಲ್ಲ ಗಾಜಿನೊಳಗಿಂದಲೇ ನೋಡಿದ್ದರು. ಸುತ್ತಿ ಸುತ್ತಿ ಅದನ್ನೇ ಗೊತ್ತಿದೆ ಅಂದುಕೊಂಡಿದ್ದರು.

ಆದರೂ ಬಿಡಲಿಲ್ಲ. ಆ ಕಡೆ ಕಳ್ಳಕಾಕರು ಅಂದರು. ಇಪ್ಪತ್ತಾರು ವರ್ಷದಲ್ಲಿ ತನ್ನ ಚೀಲಕ್ಕೆ ಬಾಯಿ ಹಾಕಿದ್ದು ಒಂದು ನಾಯಿ ಮಾತ್ರ ಅಂತ ಅಂಚೆಯಕ್ಕ ನಕ್ಕಳು. ಕೊನೆಗೆ ಅವರು ಕೇಳಿದ ಪ್ರಶ್ನೆ ಮಾತ್ರ ನನಗೂ ಸರಿ ಅನಿಸಿತು.

"ಅವರ ಮನೆ ಮಠ ಬಗ್ಗಿ ನೋಡೋಕೆ ಗುಂಪು ಕಟ್ಕೊಂಡು ಹೋಗೋದು ಮರ್ಯಾದೇನಾ?"

"ಬಗ್ಗಿ ನೋಡೋಕೆ ಹೋಗಲ್ಲ ಅಣ್ಣ," ಅಂದಳು ಅಂಚೆಯಕ್ಕ, ಈ ಸಲ ನಗದೆ. "ಬನ್ನಿ ಅಂದವರ ಬಾಗಿಲಿಗೆ ಮಾತ್ರ ಹೋಗ್ತೀವಿ. ಎಂಟು ಜನಕ್ಕಿಂತ ಹೆಚ್ಚು ಕರ್ಕೊಂಡು ಹೋಗಲ್ಲ. ಕೇಳ್ದೆ ಒಂದು ಫೋಟೋನೂ ಇಲ್ಲ. ಅವರ ಬೀದಿ ಕಥೆ ಅವರೇ ಹೇಳ್ತಾರೆ, ನಾನು ದಾರಿ ತೋರಿಸೋಳು, ಅಷ್ಟೇ."

ಭಾನುವಾರ ಒಂಬತ್ತಕ್ಕೆ ಹೊರಟೆವು. ಮಗನಿಗೆ ರಜೆ ಸಿಗಲಿಲ್ಲ. ಸೊಸೆ ಮುಖ ಕೆಳಗೆ ಹಾಕಿಕೊಂಡು ನನ್ನ ಕೈ ಹಿಡಿದು ಬಂದಳು. ಯಜಮಾನರು ಮುಖ ಊದಿಸಿಕೊಂಡು ಹಿಂದೆ ಬಂದರು.

ಅಂಚೆಯಕ್ಕ ನಡೆಯುವ ರೀತಿಯೇ ಬೇರೆ. ಕಾಗದ ಹಂಚುವಾಗಿನ ಹಾಗೆಯೇ ಮೊದಲು ಒಂದು, ಮೂರು, ಐದನೇ ನಂಬರಿನ ಬಾಗಿಲುಗಳ ಸಾಲು; ಬೀದಿ ಮುಗಿದ ಮೇಲೆ ಎದುರು ಸಾಲಿನಲ್ಲಿ ವಾಪಸ್ಸು. ಒಂದೊಂದು ಬಾಗಿಲಲ್ಲೂ ಆ ಮನೆಯವರ ಮಾತಿನಲ್ಲೇ ನಮಸ್ಕಾರ ಹೇಳುತ್ತಾಳೆ. ಹನ್ನೊಂದು ಭಾಷೆಯ ನಮಸ್ಕಾರ ಅವಳ ನಾಲಿಗೆಯ ಮೇಲಿದೆ. ಬಾಗಿಲು ಬಡಿದು ಬಡಿದೇ ಕಲಿತದ್ದಂತೆ.

ಎಡಗಡೆ ತಿರುಗಿದ ಮೇಲೆ ಏನಿತ್ತು ಅಂತ ಈಗ ನಾನು ಹೇಳಬಲ್ಲೆ. ವಾದ್ಯ ರಿಪೇರಿ ಮಾಡುವ ಹೊರದೇಶದ ಅಣ್ಣ ತಮ್ಮಂದಿರು, ಅವರ ಅಂಗಡಿಯ ತುಂಬ ಅಂಟಿನ ವಾಸನೆ. ಅವರ ಪಕ್ಕಕ್ಕೆ ಇನ್ನೊಂದು ದೇಶದ ಕ್ಷೌರಿಕ. ಅಣ್ಣ ತಮ್ಮ ಇಬ್ಬರಿಗೂ ಇಪ್ಪತ್ತು ವರ್ಷದಿಂದ ಅವನೇ ಕೂದಲು ಕತ್ತರಿಸುವುದು, ಅವರ ಮಾತು ಇವನಿಗೆ, ಇವನ ಮಾತು ಅವರಿಗೆ ಬಾರದೆ ಮೂವರೂ ಮಾತಾಡುವುದು ನಮ್ಮ ಭಾಷೆಯಲ್ಲೇ. ಮುಂದೆ ಒಂದು ಅಚ್ಚಿನ ಅಂಗಡಿ. ಅಲ್ಲಿ ಆರು ಲಿಪಿಯ ಅಚ್ಚುಮೊಳೆಗಳು ಆರು ಮರದ ಪೆಟ್ಟಿಗೆಗಳಲ್ಲಿ. ಮೂವತ್ತು ವರ್ಷ ಇದೇ ಊರಿನಲ್ಲಿ ಬದುಕಿ ಇದೇನೂ ಗೊತ್ತಿಲ್ಲವಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ಜೊತೆಗೆ ಇಷ್ಟೆಲ್ಲ ನಮ್ಮೂರಿನದೇ ಅಂತ ಹೆಮ್ಮೆಯೂ ಆಯಿತು.

ಎದುರು ಸಾಲಿನಲ್ಲಿ ವಾಪಸ್ಸು ಬರುವಾಗ ಸೊಸೆ ತಟ್ಟನೆ ನಿಂತಳು. ಚಿಕ್ಕ ಬಾಗಿಲು, ಮೇಲೆ ಕೈಯಲ್ಲಿ ಬರೆದ ಹಲಗೆ. ಒಂದು ಸಾಲು ನಮ್ಮ ಲಿಪಿ: ಕೊಡೆ ರಿಪೇರಿ. ಅದರ ಕೆಳಗಿನ ಸಾಲನ್ನು ನಮ್ಮ ಸೊಸೆ ಜೋರಾಗಿ ಓದಿದಳು. ಐದು ತಿಂಗಳಲ್ಲಿ ಅವಳ ದನಿ ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು.

ಒಳಗೆ ಕೊಡೆಯ ಕಡ್ಡಿಗೆ ದಾರ ಸುತ್ತುತ್ತಿದ್ದ ಮುದುಕಿ ತಲೆ ಎತ್ತಿ ಅದೇ ಮಾತಿನಲ್ಲಿ ಏನೋ ಕೇಳಿದಳು. ಅಷ್ಟೇ ಸಾಕಾಯಿತು. ನಮ್ಮ ಹುಡುಗಿ ಮಾತಾಡಿದಳು ನೋಡಿ, ಕಟ್ಟೆ ಒಡೆದ ಹಾಗೆ. ನಕ್ಕಳು, ಅತ್ತಳು, ಕೈ ತಿರುಗಿಸಿ ತಿರುಗಿಸಿ ಏನೇನೋ ಹೇಳಿದಳು. ಒಂದಕ್ಷರ ತಿಳಿಯದೆ ನಾನೂ ಅತ್ತೆ. ನನ್ನ ಸೊಸೆ ವಾಚಾಳಿ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಮುದುಕಿಯ ಕಣ್ಣು ಆಮೇಲೆ ಯಜಮಾನರ ಮೇಲೆ ಬಿತ್ತು. ಕೊಡೆ ಕೆಳಗಿಟ್ಟು ಎದ್ದು ನಿಂತಳು.

"ಹದಿನಾಲ್ಕನೇ ನಂಬರ್ ಬಸ್ಸಿನವರಲ್ವಾ ನೀವು?" ಅಂತ ನಮ್ಮ ಮಾತಿನಲ್ಲೇ ಕೇಳಿದಳು.

ಯಜಮಾನರು ಹೌದು ಅಂದರು. ಅವಳು ಹೇಳಿದ್ದು ಇಷ್ಟು. ಹತ್ತೊಂಬತ್ತು ವರ್ಷದ ಹಿಂದೆ ಅವಳು ಈ ಊರಿಗೆ ಬಂದ ಮೊದಲ ದಿನ. ಕೈಯಲ್ಲಿ ವಿಳಾಸದ ಚೀಟಿ, ಬಾಯಲ್ಲಿ ಒಂದು ಶಬ್ದವೂ ಇಲ್ಲ. ಎಲ್ಲಿ ಇಳಿಯಬೇಕೋ ಗೊತ್ತಾಗದೆ ಕೊನೆಯ ನಿಲ್ದಾಣದವರೆಗೂ ಕೂತೇ ಇದ್ದಳು. ಡ್ರೈವರು ಚೀಟಿ ಓದಿದರು, ಕೂತಿರು ಅಂತ ಕೈಸನ್ನೆ ಮಾಡಿದರು, ವಾಪಸ್ಸು ಬರುವಾಗ ಸೇತುವೆಯ ಆಚೆ ಬಸ್ಸು ನಿಲ್ಲಿಸಿ ತಾವೂ ಇಳಿದು ಈ ಬೀದಿಯ ತಿರುವು ತೋರಿಸಿದರು.

"ನಾನಿರಲಿಕ್ಕಿಲ್ಲಮ್ಮ," ಅಂದರು ಇವರು. "ಸೀಟು ಬಿಟ್ಟು ಇಳಿಯೋದು ತಪ್ಪು."

"ಈ ಮೀಸೆ ಮರೆಯೋಕಾಗುತ್ತಾ ಡ್ರೈವರಣ್ಣ? ಅವತ್ತು ಇಡೀ ಊರಲ್ಲಿ ನನ್ನ ಜೊತೆ ಇಳಿದವರು ನೀವೊಬ್ಬರೇ."

ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಮೂವತ್ತು ವರ್ಷ ಆ ಮನುಷ್ಯನ ಜೊತೆ ಜಗಳವಾಡಿದ್ದೇನೆ. ಆ ಹೊತ್ತು ಮಾತ್ರ ನನ್ನ ಗಂಡ ಅಂತ ಎದೆಯುಬ್ಬಿಸಿ ನಿಂತೆ. ಆಮೇಲೆ ಅವರು ನನ್ನ ಹತ್ತಿರ ಮೆಲ್ಲಗೆ ಹೇಳಿದರು:

"ನೋಡೇ, ಹೊರಗಿನವಳಿಗೆ ದಾರಿ ತೋರಿಸೋಕೆ ಇಳಿದೆ. ಮನೆಗೆ ಬಂದ ಮಗೂಗೆ ದಾರಿ ತೋರಿಸ್ದೆ ಐದು ತಿಂಗಳಿಂದ ಕೂತಲ್ಲೇ ಕೂತಿದ್ದೆ."

ಆ ಸಂಜೆ ಸೂಟ್‌ಕೇಸನ್ನು ಕಪಾಟಿನ ಮೇಲೆ ಏರಿಸಿದವಳು ಸೊಸೆಯೇ. ಈಗ ವಾರಕ್ಕೆ ಮೂರು ದಿನ ಕೊಡೆಯಜ್ಜಿಯ ಹತ್ತಿರ ಹೋಗುತ್ತಾಳೆ, ಕೆಲಸ ಕಲಿಯುತ್ತಾಳೆ, ನಮ್ಮ ಮಾತನ್ನೂ ಕಲಿಯುತ್ತಾಳೆ. ನನ್ನನ್ನು ರೇಗಿಸುವಷ್ಟು ಕಲಿತಿದ್ದಾಳೆ. ಹೋದ ತಿಂಗಳಿಂದ ಅಂಚೆಯಕ್ಕನ ಪಕ್ಕದಲ್ಲಿ ಸ್ವಯಂಸೇವಕಿಯ ಬಿಲ್ಲೆ ಹಾಕಿಕೊಂಡು ಆ ಬೀದಿಯನ್ನು ಎರಡು ಭಾಷೆಯಲ್ಲಿ ತೋರಿಸುತ್ತಿದ್ದಾಳೆ. ಯಾರೂ ತಪ್ಪಿಸಿಕೊಳ್ಳದ ಹಾಗೆ ಕಟ್ಟಕಡೆಗೆ ನಡೆಯುವವರು ನಮ್ಮ ಡ್ರೈವರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಲ್ಲೂ ನೀವು ಕಾಲಿಡದ ಬೀದಿ ಇದ್ದೇ ಇರುತ್ತದೆ. ದಾರಿ ಬಲ್ಲ ಸ್ವಯಂಸೇವಕರು ಯಾರಿದ್ದಾರೆ ಅಂತ ಹತ್ತಿರದ ಗ್ರಂಥಾಲಯದಲ್ಲಿ, ಅಂಚೆ ಕಚೇರಿಯಲ್ಲಿ ವಿಚಾರಿಸಿ. ಹೊರಡುವ ಮುಂಚೆ ಅಲ್ಲಿಯವರ ಒಂದು ನಮಸ್ಕಾರ ಕಲಿಯಿರಿ. ಕೇಳದೆ ಫೋಟೋ ತೆಗೆಯಬೇಡಿ. ಕಾಲಿಗೆ ಹಿತವಾದ ಚಪ್ಪಲಿ ಹಾಕಿ, ಮನೆಯಲ್ಲಿ ಮಾತಿಲ್ಲದೆ ಕೂತವರಿದ್ದರೆ ಅವರನ್ನು ಮೊದಲು ಕರೆಯಿರಿ.

ಬೇಗ ಹತ್ತಿ, ಬೇಗ ಹತ್ತಿ ಅಂತ ಇಪ್ಪತ್ತೊಂಬತ್ತು ವರ್ಷ ಕೂಗಿದವರು ನಮ್ಮ ಯಜಮಾನರು. ಈಗ ಪ್ರತಿ ಭಾನುವಾರ ಸೇತುವೆಯ ಆಚೆ ಬಸ್ಸು ನಿಂತ ಕೂಡಲೇ ಸೊಸೆಯ ಕೈ ಹಿಡಿದು ಮೊದಲು ತಾವು ಇಳಿಯುತ್ತಾರೆ. ಆಮೇಲೆ ಕಿಟಕಿಯಲ್ಲಿ ಕೂತವರ ಕಡೆ ತಿರುಗಿ ಹೇಳುತ್ತಾರೆ: "ಇಳೀರಪ್ಪ, ಇದೂ ನಮ್ಮೂರೇ."