ಮಡಿ ನೀರಿನ ನಡಿಗೆ

ನಮ್ಮಪ್ಪ ಜಂಬುಲಿಂಗಪ್ಪನವರಿಗೆ ಚಳ್ಳಕೆರೆಯಲ್ಲಿ ಒಬ್ಬ ಶತ್ರುವೂ ಇಲ್ಲ. ಅವರ ಜೀವಕ್ಕೆ ಕುತ್ತು ತಂದದ್ದೂ ಅದೇ.

ಹೊಟ್ಟೆಯಲ್ಲಿ ಹರ್ನಿಯಾ, ಮಲಗಿದರೂ ಕೂತರೂ ನರಳಾಟ. ಆಪರೇಷನ್ ಆಗಲೇಬೇಕು. ಆದರೆ ಆಸ್ಪತ್ರೆಯ ಡಾಕ್ಟರಮ್ಮ ವರಾಂಡದಲ್ಲಿ ಆರು ನಿಮಿಷ ನಡೆಯಲು ಹೇಳಿದರೆ, ನೂರೈವತ್ತು ಕೆಜಿಯ ಅಪ್ಪ ಅರ್ಧಕ್ಕೇ ಏದುಸಿರು ಬಿಡುತ್ತ ಬೆಂಚಿನ ಮೇಲೆ ಕುಸಿದರು.

"ಈ ಉಸಿರಿಗೆ ಪ್ರಜ್ಞೆ ತಪ್ಪಿಸೋ ಔಷಧಿ ಕೊಟ್ಟರೆ ಎಬ್ಬಿಸೋದು ಕಷ್ಟ. ದಿನಾ ನಡೆದು ದಮ್ಮು ಹೆಚ್ಚಿಸಿಕೊಂಡು ಬನ್ನಿ" ಎಂದರು. ನಮ್ಮವ್ವ ಸುಲೋಚನಮ್ಮ ಅವತ್ತು ಊಟ ಮುಟ್ಟಲಿಲ್ಲ. ನನಗೂ ಹೆದರಿಕೆಯಾಯಿತು.

ಮಾರನೇ ಬೆಳಿಗ್ಗೆ ಅಪ್ಪ ನಡೆಯಲು ಹೊರಟರು. ಎಣ್ಣೆ ಮಿಲ್ಲಿನ ಹತ್ತಿರ, ನಮ್ಮ ಶೇಂಗಾ ಮಂಡಿಯಲ್ಲಿ ಕೆಲಸಕ್ಕಿರುವ ಪಾಲಾಕ್ಷ ಬೈಕ್ ನಿಲ್ಲಿಸಿದ.

"ಹತ್ರಿ ಸಾವ್ಕಾರ್ರೆ."

"ಬ್ಯಾಡ ಕಣಲೇ, ನಡೀಬೇಕಂತೆ."

"ನಾನ್ ಗಾಡಿ ಮ್ಯಾಲೆ, ನೀವು ನಡ್ಕಂಡು! ನೋಡಿದೋರು ನನ್ ಮುಖಕ್ಕೆ ಉಗೀತಾರೆ."

ಯಾರ ಮನಸ್ಸನ್ನೂ ನೋಯಿಸದ ಅಪ್ಪ ಹತ್ತಿದರು. ಇಳಿದದ್ದು ಏಕಾಂತಪ್ಪನ ಹೋಟೆಲಿನ ಮುಂದೆ. ಅಲ್ಲಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ, ಮೇಲೊಂದು ಟೀ. ದಿನವೂ ಇದೇ ಕಥೆ. ಬೈಕ್ ಮಾತ್ರ ಬೇರೆ ಬೇರೆಯವರದು. ರೋಗಿ ಬಯಸಿದ್ದೂ ಮಿರ್ಚಿ, ಊರು ಕೊಟ್ಟಿದ್ದೂ ಮಿರ್ಚಿ. ನಡೆಯಲು ಹೋದವರು ತೂಕ ಏರಿಸಿಕೊಂಡು ಬಂದರು. ನಾನು ಕೂಗಾಡಿದೆ. ಇಂಥ ಪ್ರೀತಿಗೆ ಬೆಂಕಿ ಹಾಕ!

ಅವ್ವ ಕೂಗಾಡಲಿಲ್ಲ. ಅಪ್ಪನಿಗೆ ತಲೆಗೆ ಸ್ನಾನ ಮಾಡಿಸಿ, ಒದ್ದೆ ಪಂಚೆ ಉಡಿಸಿ, ಕೈಗೊಂದು ತುಂಬಿದ ತಂಬಿಗೆ ಕೊಟ್ಟಳು.

"ಊರಾಚೆ ಬಸವಣ್ಣನ ಪೂಜೆಗೆ ಮಡಿ ನೀರು. ಯಾರ್ನೂ ಮುಟ್ಟಂಗಿಲ್ಲ, ಮನೆಗೆ ಬರೋತಂಕ ಬಾಯಿಗೆ ಏನೂ ಹಾಕ್ಕಣಂಗಿಲ್ಲ."

ಅವತ್ತು ಪಾಲಾಕ್ಷ ಬೈಕ್ ನಿಲ್ಲಿಸಿದವನು, ತಂಬಿಗೆ ನೋಡಿ ಗಾಡಿಯನ್ನು ಚರಂಡಿಯ ಅಂಚಿಗೆ ತಳ್ಳಿಕೊಂಡು ಕೈಮುಗಿದ. ಏಕಾಂತಪ್ಪ ಮಿರ್ಚಿ ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಅಪ್ಪ ಆ ತಟ್ಟೆ ಹೋದ ದಿಕ್ಕನ್ನೇ ನೋಡುತ್ತ ಮುಂದೆ ನಡೆದರು. ಮೊದಮೊದಲು ಕಟ್ಟೆ ಕಂಡಲ್ಲೆಲ್ಲ ಕೂತು, ಆಮೇಲಾಮೇಲೆ ಕೂರದೆ ನಡೆದರು. ಬೇಸಿಗೆ ಮುಗಿಯುವವರೆಗೂ ಬಸವಣ್ಣನಿಗೆ ನೀರು ತಪ್ಪಲಿಲ್ಲ.

ಮತ್ತೆ ಆಸ್ಪತ್ರೆಯ ಅದೇ ವರಾಂಡ. ಕಾರಿನಲ್ಲಿ ಕರೆದುಕೊಂಡು ಹೋದವನು ಪಾಲಾಕ್ಷನೇ. ಅಪ್ಪ ನೀರಿನ ಬಾಟಲಿಯನ್ನು ತಂಬಿಗೆಯಂತೆ ಎದೆಗೆ ಹಿಡಿದು ಹೊರಟರು. ಹಳೇ ಬೆಂಚಿನ ಹತ್ತಿರ ಉಸಿರು ಜೋರಾಯಿತು, ಹೆಜ್ಜೆ ಸಣ್ಣದಾಯಿತು. ಅವ್ವ ಗೋಡೆ ಹಿಡಿದು ನಿಂತಳು. ಪಾಲಾಕ್ಷನಿಗೆ ತಡೆಯಲಾಗಲಿಲ್ಲ, ಎಲ್ಲಿಂದಲೋ ವೀಲ್‌ಚೇರ್ ತಳ್ಳಿಕೊಂಡು ಓಡಿಬಂದ.

"ಕುಂತ್ಕಳ್ರಿ ಸಾವ್ಕಾರ್ರೆ!"

"ದೂರ ನಿಲ್ಲಲೇ!" ಅಪ್ಪ ಗುಡುಗಿದರು. "ಮಡ್ಯಾಗಿದೀನಿ!"

ಪಾಲಾಕ್ಷ ಗೋಡೆಗೆ ಅಂಟಿಕೊಂಡ. ಡಾಕ್ಟರಮ್ಮನೂ ಯಾಕೋ ಎರಡು ಹೆಜ್ಜೆ ಹಿಂದೆ ಸರಿದರು. ಅಪ್ಪ ಬೆಂಚು ದಾಟಿದರು, ವರಾಂಡದ ಕೊನೆ ಮುಟ್ಟಿ ತಿರುಗಿದರು, ಡಾಕ್ಟರಮ್ಮ "ಸಾಕು, ಮುಂದಿನ ವಾರ ಆಪರೇಷನ್" ಎನ್ನುವವರೆಗೂ ನಿಲ್ಲಲಿಲ್ಲ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಪಾಲಾಕ್ಷ, ಆ ಕುರ್ಚಿ ಗಾಡಿ ಇತ್ಲಾಗೆ ತಾರಪ್ಪ" ಎಂದಳು. "ನನ್ ಕಾಲು ನಡುಗ್ತಾ ಐದಾವೆ."