ಪನೀರಿನ ನೀರು, ನೀಲಿ ಒಲೆ

ಕೆ.ಆರ್. ಪುರದಲ್ಲಿ ತೂಗುಸೇತುವೆಯ ಕೆಲಸ ನಡೆಯುತ್ತಿದ್ದ ವರ್ಷ ಅದು. ಅಣ್ಣಮ್ಮನ ಮನೆಗೆ ಯಾರೂ ದಾರಿ ಕೇಳಬೇಕಿರಲಿಲ್ಲ, ಮೂಗೇ ಕರೆದುಕೊಂಡು ಹೋಗುತ್ತಿತ್ತು. ಹಿತ್ತಿಲ ಶೆಡ್ಡಿನಲ್ಲಿ ಆಕೆ ಪನೀರ್ ಮಾಡಿ ಶಿವಾಜಿನಗರದ ಹೋಟೆಲುಗಳಿಗೆ ಕಳಿಸುತ್ತಿದ್ದಳು. ಹಾಲು ಒಡೆಸಿ ಸೋಸಿದ ಹುಳಿ ನೀರು ನೇರ ಚರಂಡಿಗೆ ಹೋಗಿ ಕೊಳೆತು ನಾರುತ್ತಿತ್ತು. ಪಕ್ಕದ ಮನೆಯ ಪಂಚಾಕ್ಷರಯ್ಯನವರು ದಾವಣಗೆರೆ ಕಡೆಯವರು, ವಿಮಾನಪುರದಲ್ಲಿ ಕೆಲಸಕ್ಕಿದ್ದರು. ಅವರ ಅಡುಗೆಮನೆಯ ಕಿಟಕಿ ತೆರೆದದ್ದೇ ಇಲ್ಲ. ಒಂದು ದಿನ ಬೇಲಿಯಾಚೆಯಿಂದ ಹೇಳಿದರು:

"ಯುಗಾದಿಯೊಳಗೆ ಈ ನಾತ ನಿಲ್ಲದಿದ್ರೆ ಕಂಪ್ಲೇಂಟ್ ಕೊಡ್ತೀನ್ರಿ. ಶೆಡ್ಡಿಗೆ ಬೀಗ ಬಿದ್ರೆ ನನ್ನ ಬೈಕೋಬೇಡ್ರಿ."

ಗಂಡ ತೀರಿಕೊಂಡ ಮೇಲೆ ಆ ಶೆಡ್ಡೇ ಮನೆಯ ಅನ್ನ. ಹೆದರಿದ ಅಣ್ಣಮ್ಮ, ಮಹಿಳಾ ಸಂಘಕ್ಕೆ ಬರುತ್ತಿದ್ದ ಎಂಜಿನಿಯರ್ ಸುಪ್ರೀತಾಳಿಗೆ ಕಷ್ಟ ಹೇಳಿಕೊಂಡಳು. ಸುಪ್ರೀತಾ ಬಂದು ನೋಡಿ, ಈ ನೀರು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಗೆ ಒಳ್ಳೆಯ ಊಟ ಎಂದಳು. ಗಾಳಿಯಾಡದಂತೆ ಮುಚ್ಚಿದ ತೊಟ್ಟಿಯಲ್ಲಿ ಸಗಣಿ ಕದಡಿಟ್ಟು, ಹುಳಿ ಮುರಿಯಲು ಸುಣ್ಣ ಬೆರೆಸಿದ ಈ ನೀರನ್ನು ಸ್ವಲ್ಪಸ್ವಲ್ಪವೇ ಹೊಯ್ದರೆ ಅವು ಅದನ್ನು ಹುದುಗಿಸಿ ಗ್ಯಾಸ್ ಕೊಡುತ್ತವೆ, ಅದರಲ್ಲೇ ಹಾಲು ಕಾಯಿಸಬಹುದು ಎಂದು ವಿವರಿಸಿದಳು.

"ನಾರೋ ನೀರಲ್ಲಿ ಒಲೆ ಉರಿಯತ್ತಾ? ಯಾರ ಕಿವಿಗೆ ಹೂವಿಡ್ತೀಯಮ್ಮ?" ಎಂದಳು ಅಣ್ಣಮ್ಮ. ಆದರೆ ಬೇರೆ ದಾರಿಯಿರಲಿಲ್ಲ. ತೊಟ್ಟಿ ಕಟ್ಟಿಸಿದಳು.

ಕೆಲವು ವಾರ ಕಳೆದು ಒಲೆಯಲ್ಲಿ ನೀಲಿ ಬೆಂಕಿ ಕಾಣಿಸಿತು. ಸ್ವಲ್ಪ ದಿನದಲ್ಲೇ ಸಣ್ಣಗಾಗಿ ಆರಿಯೂ ಹೋಯಿತು. ನಾನು ಆಗಲೇ ಹೇಳಿರಲಿಲ್ಲವೇ ಎಂದು ಅಣ್ಣಮ್ಮ ರೇಗಿದಳು. ಸುಪ್ರೀತಾ ನೋಡಿದರೆ ನೀರು ಹೊಯ್ಯುವ ಕೊಳವೆಯ ತುಂಬ ಫಿನೈಲ್ ವಾಸನೆ. ಅಣ್ಣಮ್ಮ ಮಹಾ ಶುಚಿಗಾತಿ. ಮನೆ ಒರೆಸಿದಂತೆ ತೊಟ್ಟಿಗೂ ದಿನಾ ಫಿನೈಲ್ ಸುರಿದಿದ್ದಳು.

"ದೋಸೆ ಹಿಟ್ಟು ಉಬ್ಬಲಿ ಅಂತ ಇಡ್ತೀರಲ್ಲಮ್ಮ, ಅದಕ್ಕೆ ಫಿನೈಲ್ ಹಾಕ್ತೀರಾ? ಇದ್ರೊಳಗೂ ಜೀವ ಇದೆ."

ಅಣ್ಣಮ್ಮನ ಮುಖ ಸಪ್ಪಗಾಯಿತು. ತೊಟ್ಟಿ ಖಾಲಿ ಮಾಡಿಸಿ ಮೊದಲಿನಿಂದ ಶುರು ಮಾಡಬೇಕಿತ್ತು, ಯುಗಾದಿ ಹತ್ತಿರ ಬಂದಿತ್ತು. ನಾಚಿಕೆ ಬಿಟ್ಟು ಬೇಲಿಯ ಬಳಿ ಹೋಗಿ, ನಡೆದದ್ದನ್ನೆಲ್ಲ ಹೇಳಿ ಇನ್ನಷ್ಟು ದಿನ ಕೇಳಿದಳು. ಪಂಚಾಕ್ಷರಯ್ಯನವರು ತೊಟ್ಟಿಯತ್ತ ಒಮ್ಮೆ ಇಣುಕಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ, ಹಸು ಸಾಕಿದವರ ಮನೆಯಿಂದ ಸಗಣಿ ಬಕೆಟ್ ಹೊತ್ತು ಬಂದರು.

"ಊರಲ್ಲಿ ನಮ್ಮನೇಲೂ ಗೋಬರ್ ಗ್ಯಾಸ್ ಐತ್ರಿ. ಗಂಟಿಲ್ಲದಂಗೆ ಕದಡ್ಬೇಕು. ಆ ಕೋಲು ಈ ಕಡೆ ಕೊಡ್ರಿ."

ತೊಟ್ಟಿ ಸಿದ್ಧವಾಗುವವರೆಗೆ ಪನೀರಿನ ನೀರನ್ನು ಆ ಹಸುಗಳ ಮನೆಯವರೇ ಮೇವಿಗೆ ಬೆರೆಸಲು ಒಯ್ದರು. ಈ ಸಲ ಹತ್ತಿದ ಒಲೆ ಆರಲಿಲ್ಲ. ಮೊದಲು ಕಾಯ್ದ ಹಾಲಿನಲ್ಲಿ ಅಣ್ಣಮ್ಮ ಟೀ ಮಾಡಿ ಬೇಲಿಯ ಮೇಲಿಂದ ಕೊಡಲು ಹೋದಳು. ಪಂಚಾಕ್ಷರಯ್ಯನವರು ಬೇಲಿಯ ಬಳಿ ಇರಲಿಲ್ಲ. ಬೇಲಿಗೆ ತಾಗಿದಂತಿದ್ದ ಅಡುಗೆಮನೆಯ ತೆರೆದ ಕಿಟಕಿಯಿಂದ ಕೈ ಚಾಚಿ ಲೋಟ ತೆಗೆದುಕೊಂಡರು.

ಪನೀರ್, ಬೇಕರಿ, ಚಿಪ್ಸ್ ಘಟಕ ನಡೆಸುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಲ್ಲಿ ಉಳಿದ ನೀರನ್ನು ಚರಂಡಿಗೆ ಬಿಡುವ ಮೊದಲು ಬಲ್ಲವರಿಗೊಮ್ಮೆ ತೋರಿಸಿ. ಗ್ಯಾಸ್ ತೊಟ್ಟಿಯನ್ನು ತಿಳಿದವರಿಂದಲೇ ಕಟ್ಟಿಸಿ. ಕಟ್ಟಿಸಿದ ಮೇಲೆ ಫಿನೈಲ್ ಬಾಟಲಿಗೆ ಕೈ ಹೋದರೆ, ಅಣ್ಣಮ್ಮನನ್ನು ನೆನೆದು ಕೈ ಹಿಂದಕ್ಕೆ ತೆಗೆಯಿರಿ.